ಲ್ಯಾಟಿನ್: ಹೆಸರೊಂದು ದಾರಿ, ಮಾತೊಂದು ದಾರಿ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕರ್ನಾಟಕದ ಬಡಗಣ ಅಂಚಿನ ಸೀಮೆಗೆ ಸೇರಿದ ಊರು. ಅದರ ಹೆಸರಿನಲ್ಲಿಯೇ ಗಡಿನಾಡಿನ ಗುರುತಿದೆ. ಸಂಸ್ಕೃತದ ‘ಗ್ರಾಮ’ ಮರಾಠಿಯಲ್ಲಿ ‘ಗಾಂವ’ ಎಂದಾಗಿ, ಕನ್ನಡ ಲಿಪಿಯಲ್ಲಿ ಊರಿನ ಫಲಕವನ್ನು ಏರಿದೆ. ಈ ಸೀಮೆಯ ಮನೆಗಳಲ್ಲಿ ಸಂಜೆಯ ಹೊತ್ತು ವಿದ್ಯುತ್ತು ಕೈಕೊಟ್ಟಾಗ ಹಿರಿಯಳೊಬ್ಬಳು ಮೊಮ್ಮಗಳನ್ನು ಕರೆದು, “ಕಂದೀಲ ತಗೊಂಡ್ ಬಾರವ್ವಾ” ಎನ್ನಬಹುದು. ಆ ಮಾತಿನಲ್ಲಿ ಇರುವುದು ಮೂರು ಶಬ್ದಗಳು. ಕೊನೆಯ ಎರಡು ಅಚ್ಚ ಕನ್ನಡದವು. ಮೊದಲನೆಯದು ಎರಡು ಸಾವಿರ ವರ್ಷಗಳ ಹಿಂದೆ ರೋಮನರ ಬಾಯಲ್ಲಿದ್ದ ಲ್ಯಾಟಿನ್ ಶಬ್ದ.

ಲ್ಯಾಟಿನಿನಲ್ಲಿ ‘ಕಂದೇಲ’ ಎಂದರೆ ಮೇಣದ ಬತ್ತಿ. ‘ಬೆಳ್ಳಗೆ ಹೊಳೆ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದವನ್ನು ಗ್ರೀಕರು ಎರವಲು ಪಡೆದರು. ಪಶ್ಚಿಮ ಏಷ್ಯದ ನುಡಿಗಳ ಮೂಲಕ ಅದು ಅರಬ್ಬಿಗೆ ಬಂತು. ಅಲ್ಲಿಂದ ಪಾರಸಿಗೆ, ಪಾರಸಿಯಿಂದ ದಖನಿಗೆ ಇಳಿದು, ಕನ್ನಡ ಮರಾಠಿಗಳೆರಡರಲ್ಲಿಯೂ ಮನೆಮಾಡಿತು. ಸೀಮೆಎಣ್ಣೆಯ ದೀಪ ಮೂಲೆ ಸೇರಿದ ಮೇಲೂ ದೀಪಾವಳಿಯ ‘ಆಕಾಶ ಕಂದೀಲು’ ಅದನ್ನು ಉಳಿಸಿಕೊಂಡಿದೆ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ ‘ಕ್ಯಾಂಡಿಡೇಟ್’. ರೋಮಿನಲ್ಲಿ ಅಧಿಕಾರಕ್ಕೆ ಸ್ಪರ್ಧಿಸುವವನು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ನಿಲುವಂಗಿಯನ್ನು ತೊಟ್ಟು ಮತ ಕೇಳಲು ಹೊರಡುತ್ತಿದ್ದನು; ಆದುದರಿಂದ ಅವನಿಗೆ ‘ಬಿಳಿಯುಡುಗೆಯವನು’ ಎಂದು ಹೆಸರಾಯಿತು. ಚುನಾವಣೆಯ ಕಾಲದಲ್ಲಿ ಖಾದಿಯ ಬಿಳುಪನ್ನು ಕಂಡಿರುವ ಓದುಗರಿಗೆ ಇದರ ವಿವರಣೆ ಬೇಕಾಗಲಾರದು.

ಕಂದೀಲು ಪಶ್ಚಿಮ ಏಷ್ಯದ ನೆಲದ ದಾರಿ ಹಿಡಿದು ಬಂದರೆ, ಇನ್ನು ಕೆಲವು ಶಬ್ದಗಳು ಕಡಲಿನ ದಾರಿಯಿಂದ ಬಂದವು. ಪೋರ್ತುಗೀಸ್ ನುಡಿಯು ಲ್ಯಾಟಿನಿನ ಮಗಳು. ಗೋವೆಯ ಪೋರ್ತುಗೀಸರಿಂದ ಕೊಂಕಣಿ ಮರಾಠಿಗಳಿಗೆ, ಅಲ್ಲಿಂದ ಉತ್ತರ ಕರ್ನಾಟಕದ ಮನೆಗಳಿಗೆ ‘ಚಾವಿ’ ಬಂತು, ‘ಅಲಮಾರಿ’ ಬಂತು, ‘ಪಗಾರ’ ಬಂತು. ಚಾವಿಯ ಮೂಲ ಲ್ಯಾಟಿನಿನ ‘ಕ್ಲಾವಿಸ್’. ಅಲಮಾರಿಯ ಮೂಲ ‘ಅರ್ಮಾರಿಯುಂ’, ಎಂದರೆ ಆಯುಧಗಳನ್ನೂ ಸಲಕರಣೆಗಳನ್ನೂ ಇಡುವ ಪೆಟ್ಟಿಗೆ. ಪಗಾರದ ಮೂಲ ‘ಪಾಕಾರೆ’, ಎಂದರೆ ಶಾಂತಗೊಳಿಸು, ಸಮಾಧಾನಪಡಿಸು. ಸಾಲಗಾರನನ್ನು ಹಣ ಕೊಟ್ಟು ಸಮಾಧಾನಪಡಿಸುವುದೇ ಕಾಲಕ್ರಮದಲ್ಲಿ ‘ಪಾವತಿ ಮಾಡು’ ಎಂಬ ಅರ್ಥಕ್ಕೆ ತಿರುಗಿತು. ತಿಂಗಳ ಮೊದಲ ತಾರೀಖಿನಂದು ಪಗಾರ ಕೈಗೆ ಬಂದೊಡನೆ ಮನೆಯಲ್ಲಿ ನೆಲಸುವ ಶಾಂತಿಗೆ ಶಬ್ದಮೂಲದ ಸಮರ್ಥನೆಯೂ ಇದೆ ಎಂದಾಯಿತು.

ಈ ಎರಡು ದಾರಿಗಳಿಗಿಂತ ಮೊದಲೇ ಲ್ಯಾಟಿನ್ ಅಕ್ಷರಗಳು ಕನ್ನಡ ನಾಡನ್ನು ಮುಟ್ಟಿದ್ದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಆ ನಾಣ್ಯದ ಹೆಸರು ‘ದೇನಾರಿಯುಸ್’. ಹತ್ತರ ಬೆಲೆಯುಳ್ಳದ್ದು ಎಂದು ಅದರ ಅರ್ಥ. ಸಂಸ್ಕೃತದ ‘ದೀನಾರ’ ಅದರಿಂದ ಬಂತು; ಕುವೈತಿನಲ್ಲಿ ದುಡಿಯುವ ಕನ್ನಡಿಗನು ಇಂದು ಊರಿಗೆ ಕಳುಹುವ ದೀನಾರಿನ ಹೆಸರೂ ಅದರದೇ ಕುಡಿ.

ಹೀಗೆ ಶಬ್ದಗಳನ್ನು ಲೋಕಕ್ಕೆಲ್ಲ ಹಂಚಿದ ಆ ನುಡಿಯ ಸ್ವಂತ ಹೆಸರಿಗೆ ಅರ್ಥವೇನು? ‘ಲ್ಯಾಟಿನ್’ ಎಂಬುದು ಎಲ್ಲಿಂದ ಬಂತು?

ಇಟಲಿಯ ನಡುಭಾಗದಲ್ಲಿ, ಟೈಬರ್ ನದಿಯ ದಕ್ಷಿಣಕ್ಕೆ, ಬೆಟ್ಟಗಳಿಗೂ ಕಡಲಿಗೂ ನಡುವೆ ಒಂದು ಬಯಲು ಸೀಮೆಯಿದೆ. ಅದರ ಪ್ರಾಚೀನ ಹೆಸರು ‘ಲತಿಯುಂ’. ಅಲ್ಲಿಯ ಜನ ‘ಲತೀನಿ’ಗಳು, ಅವರ ನುಡಿ ‘ಲತೀನ’. ರೋಮ್ ಮೊದಲಿಗೆ ಆ ಬಯಲಿನ ಹಲವು ಊರುಗಳಲ್ಲಿ ಒಂದು. ಊರು ಸಾಮ್ರಾಜ್ಯವಾಗಿ ಬೆಳೆದ ಮೇಲೂ ನುಡಿಗೆ ಊರಿನ ಹೆಸರು ಬೀಳಲಿಲ್ಲ. ಸೀಮೆಯ ಹೆಸರೇ ಉಳಿಯಿತು. ಇಂದಿಗೂ ಇಟಲಿಯ ಆ ಪ್ರಾಂತ್ಯದ ಹೆಸರು ‘ಲಾತ್ಸಿಯೊ’, ಎಂದರೆ ಹಳೆಯ ಲತಿಯುಂ.

ಸೀಮೆಗೆ ಆ ಹೆಸರು ಬಂದ ಬಗೆಯನ್ನು ಕುರಿತು ಮೂರು ಮಾತುಗಳಿವೆ. ಲತೀನುಸ್ ಎಂಬ ಅರಸನು ಅಲ್ಲಿ ಆಳುತ್ತಿದ್ದನು, ಅವನಿಂದ ಜನಕ್ಕೆ ಹೆಸರಾಯಿತು ಎಂಬುದು ಒಂದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಮಹಾಕವಿ ವರ್ಜಿಲನು ತನ್ನ ‘ಈನಿಡ್’ ಕಾವ್ಯದಲ್ಲಿ ಹೇಳುವುದು ಇನ್ನೊಂದು: ಮಗನಾದ ಜ್ಯೂಪಿಟರನಿಗೆ ಅಂಜಿ ಓಡಿಬಂದ ಸ್ಯಾಟರ್ನ್ ದೇವನು ಈ ನೆಲದಲ್ಲಿ ಅಡಗಿಕೊಂಡನು, ‘ಲತೇರೆ’ ಎಂದರೆ ಅಡಗು, ಆದುದರಿಂದ ಅದು ಲತಿಯುಂ. ಮೂರನೆಯದು ಭಾಷಾಶಾಸ್ತ್ರಜ್ಞರ ಮಾತು. ‘ಲಾತುಸ್’ ಎಂದರೆ ಅಗಲವಾದ, ಹರಡಿಕೊಂಡ. ಬೆಟ್ಟಗಳ ನಡುವೆ ಹರಡಿದ ಬಯಲಾದುದರಿಂದ ಲತಿಯುಂ.

ಆದರೆ ಇಲ್ಲೊಂದು ತೊಡಕಿದೆ. ‘ಲಾತುಸ್’ ಶಬ್ದದಲ್ಲಿ ಮೊದಲ ಸ್ವರ ದೀರ್ಘ, ‘ಲತಿಯುಂ’ನಲ್ಲಿ ಹ್ರಸ್ವ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ಮರೆಯಾಗುವ ಈ ಭೇದ ಕನ್ನಡ ಲಿಪಿಯಲ್ಲಿ ಕಣ್ಣಿಗೆ ರಾಚುತ್ತದೆ. ನಾದವನ್ನಷ್ಟೇ ನೋಡಿದರೆ ಕವಿಯ ಕಥೆಯೇ ಹೆಚ್ಚು ಹೊಂದುತ್ತದೆ. ಆದರೂ ವಿದ್ವಾಂಸರು ಕಥೆಯನ್ನು ಒಪ್ಪದೆ, ಎರಡು ಶಬ್ದಗಳೂ ‘ಹರಡು’ ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನಿಂದ ಬೇರೆ ಬೇರೆ ರೂಪದಲ್ಲಿ ಒಡೆದಿರಬೇಕೆಂದು ಹೇಳುತ್ತಾರೆ. ಅರಸನ ಹೆಸರಿನಿಂದ ಜನಕ್ಕೆ ಹೆಸರಾಗಲಿಲ್ಲ. ಜನದ ಹೆಸರಿನಿಂದಲೇ ಅರಸನೊಬ್ಬನು ಕಲ್ಪನೆಗೊಂಡನೆಂಬುದು ಅವರ ನಿಲುವು.

ಬೀದರದವರಿಗೆ ಈ ವಾದ ಹೊಸದಲ್ಲ. ಮಹಾಭಾರತದ ವಿದುರನು ನೆಲಸಿದ ‘ವಿದುರನಗರ’ವೇ ಬೀದರವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಬಿದಿರು ಬೆಳೆಯುತ್ತಿದ್ದ ನೆಲ ಬೀದರವಾಯಿತೆಂದು ಶಬ್ದಮೂಲವನ್ನು ಅರಸುವವರು ಹೇಳುತ್ತಾರೆ. ಜನ ತಮ್ಮ ನೆಲಕ್ಕೆ ಒಬ್ಬ ದೇವನನ್ನೋ ಮಹಾಪುರುಷನನ್ನೋ ತಂದು ಕೂರಿಸುತ್ತಾರೆ. ಪಂಡಿತರು ಬಂದು ನೆಲದ ಮೇಲಿದ್ದ ಗಿಡವನ್ನೋ ಬಯಲನ್ನೋ ತೋರಿಸುತ್ತಾರೆ. ‘ಕನ್ನಡ’ ಎಂಬ ಹೆಸರಿನ ಕಥೆಯೂ ಇದೇ ಬಗೆಯದು. ‘ಕರುನಾಡು’ ಎಂದರೆ ಎತ್ತರದ ನಾಡು ಎಂದು ಕೆಲವರು, ಕರಿಯ ಮಣ್ಣಿನ ನಾಡು ಎಂದು ಕೆಲವರು ವಿವರಿಸಿದ್ದಾರೆ. ಯಾವುದನ್ನು ಒಪ್ಪಿದರೂ ಹೆಸರು ನೆಲದ್ದು. ಲ್ಯಾಟಿನ್ ಬಯಲಿನ ಹೆಸರಾದರೆ ಕನ್ನಡ ಎತ್ತರದ ಅಥವಾ ಎರೆಭೂಮಿಯ ಹೆಸರು. ಎರಡೂ ನುಡಿಗಳು ತಮ್ಮ ಹೆಸರಿನಲ್ಲಿ ಮಣ್ಣನ್ನು ಹೊತ್ತಿವೆ.

ಆದರೆ ಮುಂದಿನ ಪಯಣದಲ್ಲಿ ಇವೆರಡರ ದಾರಿ ಬೇರೆಯಾಯಿತು. ಕನ್ನಡ ತನ್ನ ನೆಲವನ್ನು ಬಿಡಲಿಲ್ಲ. ‘ಲ್ಯಾಟಿನ್’ ಎಂಬ ಹೆಸರು ನೆಲವನ್ನು ಬಿಟ್ಟು ಹೊರಟಿತು.

ಮೊದಲು ಅದು ಒಂದು ಹಕ್ಕಿನ ಹೆಸರಾಯಿತು. ರೋಮಿನ ಪೂರ್ಣ ಪೌರತ್ವಕ್ಕೆ ಒಂದು ಮೆಟ್ಟಿಲು ಕೆಳಗಿನ ಸ್ಥಾನಕ್ಕೆ ‘ಲ್ಯಾಟಿನ್ ಹಕ್ಕು’ ಎಂದು ಹೆಸರು. ಲತಿಯುಂ ಬಯಲನ್ನು ಕಣ್ಣಿನಿಂದಲೂ ಕಾಣದ ಸ್ಪೇನಿನ ಊರುಗಳಿಗೆ ವೆಸ್ಪೇಸಿಯನ್ ಚಕ್ರವರ್ತಿಯು ಆ ಹಕ್ಕನ್ನು ದಯಪಾಲಿಸಿದನು. ಆಮೇಲೆ ಅದು ಧರ್ಮದ ಹೆಸರಾಯಿತು. ಗ್ರೀಕಿನಲ್ಲಿ ಪೂಜಿಸುವ ಪೂರ್ವದ ಕ್ರೈಸ್ತರಿಂದ ಬೇರೆಯಾಗಿ, ರೋಮಿನ ಪೋಪರನ್ನು ಅನುಸರಿಸುವವರೆಲ್ಲ ‘ಲ್ಯಾಟಿನರು’ ಎನಿಸಿಕೊಂಡರು. ೧೨೦೪ರಲ್ಲಿ ಪಶ್ಚಿಮದ ಧರ್ಮಯೋಧರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದು ಸ್ಥಾಪಿಸಿ, ೧೨೬೧ರವರೆಗೆ ಆಳಿದ ರಾಜ್ಯವನ್ನು ಇತಿಹಾಸ ‘ಲ್ಯಾಟಿನ್ ಸಾಮ್ರಾಜ್ಯ’ ಎಂದೇ ಕರೆಯುತ್ತದೆ. ಭಾರತದ ಮೊದಲ ಲ್ಯಾಟಿನ್ ಧರ್ಮಪ್ರಾಂತವು ೧೩೨೯ರಲ್ಲಿ ಕೇರಳದ ಕೊಲ್ಲಂನಲ್ಲಿ ಏರ್ಪಟ್ಟಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆಮಾಡಿಕೊಟ್ಟ ಮೇಲೆ, ಲ್ಯಾಟಿನ್ ವಿಧಿಯ ಕ್ರೈಸ್ತರು ಕೇರಳದಲ್ಲಿ ಮಲಯಾಳದಲ್ಲಿಯೂ, ಮಂಗಳೂರಿನಲ್ಲಿ ಕೊಂಕಣಿಯಲ್ಲಿಯೂ, ಬೆಂಗಳೂರಿನಲ್ಲಿ ಕನ್ನಡ, ತಮಿಳುಗಳಲ್ಲಿಯೂ ಪ್ರಾರ್ಥಿಸುತ್ತಾರೆ. ಹೆಸರು ಲ್ಯಾಟಿನ್, ಬಾಯಲ್ಲಿ ಇರುವುದು ಊರಿನ ಮಾತು.

ಹತ್ತೊಂಬತ್ತನೆಯ ಶತಮಾನದ ನಡುವೆ ‘ಲ್ಯಾಟಿನ್ ಅಮೆರಿಕ’ ಎಂಬ ಹೆಸರು ಬಳಕೆಗೆ ಬಂತು. ಅಟ್ಲಾಂಟಿಕ್ ಸಾಗರದಾಚೆಯ ಮೆಕ್ಸಿಕೊ, ಬ್ರೆಜಿಲ್ ದೇಶಗಳೂ ಇದರಿಂದ ಲತಿಯುಂ ಬಯಲಿನ ಹೆಸರನ್ನು ಹೊತ್ತವು. ನಡುಗಾಲದ ಯೂರೋಪಿನಲ್ಲಿ ಈ ಶಬ್ದಕ್ಕೆ ಇನ್ನೂ ವಿಚಿತ್ರವಾದ ಗತಿ ಒದಗಿತ್ತು. ಓದು ಬರೆಹವೆಲ್ಲ ಲ್ಯಾಟಿನಿನಲ್ಲಿಯೇ ನಡೆಯುತ್ತಿದ್ದುದರಿಂದ ‘ಲ್ಯಾಟಿನ್’ ಎಂದರೆ ‘ಭಾಷೆ’ ಎಂದೇ ಅರ್ಥವಾಯಿತು. ಹಕ್ಕಿಗಳು ‘ತಮ್ಮ ಲ್ಯಾಟಿನಿನಲ್ಲಿ’ ಹಾಡುತ್ತವೆಂದು ಕವಿಗಳು ಬರೆದರು. ಇಂಗ್ಲೆಂಡಿನಲ್ಲಿ ದುಭಾಷಿಯನ್ನು ‘ಲ್ಯಾಟಿಮರ್’ ಎಂದು ಕರೆದರು. ಅದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಜರ್ಮನರು ಬೇಟೆಗಾರರ ಬಡಾಯಿಯನ್ನು ‘ಬೇಟೆಗಾರರ ಲ್ಯಾಟಿನ್’ ಎಂದು ಹಾಸ್ಯಮಾಡಿದರು. ಇಟಲಿಯ ದಾಂತೆ ಕವಿಯ ಕಾಲಕ್ಕೆ ‘ಲತೀನೊ’ ಎಂದರೆ ‘ಸುಲಭ, ಸ್ಪಷ್ಟ’ ಎಂಬ ಅರ್ಥವೂ ಇದ್ದಿತು. ‘ಅಚ್ಚ ಕನ್ನಡದಲ್ಲಿ ಹೇಳುವುದಾದರೆ’ ಎಂದು ಕನ್ನಡಿಗರು ಹೇಳುವಾಗಲೂ ಬಯಸುವುದು ಈ ಸ್ಪಷ್ಟತೆಯನ್ನೇ.

ಇಷ್ಟೆಲ್ಲ ವಸ್ತುಗಳಿಗೆ ಹೆಸರಾದ ಲ್ಯಾಟಿನ್ ತನ್ನ ಮೊದಲ ಉದ್ಯೋಗವೊಂದನ್ನು ಮಾತ್ರ ಕಳೆದುಕೊಂಡಿತು. ತಾಯಿ ಮಗುವಿಗೆ ಆಡುವ ಮಾತಿನ ಹೆಸರಾಗಿ ಅದು ಉಳಿಯಲಿಲ್ಲ. ಲ್ಯಾಟಿನ್ ಸತ್ತ ಭಾಷೆಯೆಂದು ಎಲ್ಲರೂ ಹೇಳುತ್ತಾರೆ. ಅದು ಸತ್ತ ದಿನ ಯಾವುದು? ತಾಯಿ ಲ್ಯಾಟಿನ್ ಆಡಿ, ಮಗಳು ಫ್ರೆಂಚ್ ಆಡಿದ ಮನೆ ಜಗತ್ತಿನಲ್ಲಿ ಎಂದೂ ಇರಲಿಲ್ಲ. ಪ್ರತಿಯೊಬ್ಬ ಮಗಳೂ ತನ್ನ ತಾಯಿಯ ಮಾತನ್ನೇ ಆಡಿದಳು. ಲ್ಯಾಟಿನಿನಲ್ಲಿ ನೀರಿಗೆ ‘ಅಕ್ವ’ ಎಂದರು. ಅದನ್ನೇ ಬಾಯಿಂದ ಬಾಯಿಗೆ ದಾಟಿಸುತ್ತ ಇಟಲಿಯವರು ‘ಆಕ್ವ’ ಎಂದರು, ಸ್ಪೇನಿನವರು ‘ಆಗ್ವ’ ಎಂದರು, ರುಮೇನಿಯದವರು ‘ಆಪ’ ಎಂದರು, ಫ್ರಾನ್ಸಿನವರು ಸವೆಸಿ ಸವೆಸಿ ‘ಓ’ ಎಂಬ ಒಂದೇ ಸ್ವರಕ್ಕೆ ಇಳಿಸಿದರು. ಮಾತು ಎಲ್ಲಿಯೂ ಕಡಿಯಲಿಲ್ಲ. ಕಡಿದುದು ಹೆಸರು.

ಅದು ಕಡಿದ ಬಗೆಗೆ ದಾಖಲೆಯಿದೆ. ಎಂಟನೆಯ ಶತಮಾನದ ಕೊನೆಯಲ್ಲಿ ಶಾರ್ಲಮೇನ್ ಚಕ್ರವರ್ತಿಯ ಆಸ್ಥಾನದ ಪಂಡಿತರು ಲ್ಯಾಟಿನನ್ನು ಶುದ್ಧಗೊಳಿಸಲು ತೊಡಗಿದರು. ಬರೆದ ಪ್ರತಿಯೊಂದು ಅಕ್ಷರವನ್ನೂ ಬರೆದಂತೆಯೇ ಉಚ್ಚರಿಸಬೇಕೆಂಬ ನಿಯಮ ಬಲವಾದುದು ಆಗಲೇ ಎಂದು ಒಂದು ವಿದ್ವನ್ಮತವಿದೆ. ಗುರುಗಳು ಶುದ್ಧವಾಗಿ ಓದಿದರು; ಗುಡಿಯಲ್ಲಿ ಕುಳಿತ ರೈತನಿಗೆ ತಿಳಿಯದೆ ಹೋಯಿತು. ೮೧೩ರಲ್ಲಿ ಟೂರ್ ನಗರದಲ್ಲಿ ಸೇರಿದ ಧರ್ಮಾಧಿಕಾರಿಗಳು, ಉಪದೇಶವನ್ನು ಜನರಿಗೆ ತಿಳಿಯುವ ‘ಹಳ್ಳಿಗರ ರೋಮನ್ ನುಡಿ’ಯಲ್ಲಾಗಲಿ ಜರ್ಮನ್ ನುಡಿಯಲ್ಲಾಗಲಿ ಹೇಳಬೇಕೆಂದು ಕಟ್ಟುಮಾಡಿದರು. ಜನರ ಮೇಲಿನ ಕನಿಕರದಿಂದಲೇ ಮಾಡಿದ ನಿರ್ಣಯ ಅದು. ಆದರೆ ಹಳ್ಳಿಗನ ಮಾತು ಲ್ಯಾಟಿನ್ ಅಲ್ಲ, ಬೇರೊಂದು ಎಂಬುದೂ ಆ ನಿರ್ಣಯದೊಡನೆಯೇ ಬರೆಹಕ್ಕಿಳಿಯಿತು. ೮೪೨ರಲ್ಲಿ ಶಾರ್ಲಮೇನನ ಇಬ್ಬರು ಮೊಮ್ಮಕ್ಕಳು ಸ್ಟ್ರಾಸ್‌ಬರ್ಗಿನಲ್ಲಿ ಪರಸ್ಪರ ಪ್ರತಿಜ್ಞೆ ಮಾಡಿದಾಗ, ಇತಿಹಾಸಕಾರನು ನಡೆದುದನ್ನು ಲ್ಯಾಟಿನಿನಲ್ಲಿ ಬರೆದನು. ಪ್ರತಿಜ್ಞೆಯ ಮಾತುಗಳನ್ನು ಮಾತ್ರ ಸೈನಿಕರಿಗೆ ತಿಳಿಯುವ ನುಡಿಗಳಲ್ಲಿಯೇ ಉಳಿಸಿದನು. ಲ್ಯಾಟಿನ್ ಎಂಬ ಹೆಸರು ಪುಸ್ತಕದ ಪಾಲಾಯಿತು. ಮನೆಯ ಮಾತು ಬೇರೆ ಹೆಸರುಗಳನ್ನು ಹುಡುಕಿಕೊಂಡು ಹೊರಟಿತು.

ಪುಸ್ತಕದಲ್ಲಿ ಲ್ಯಾಟಿನ್ ವೈಭವದಿಂದಲೇ ಬಾಳಿತು. ಸ್ವೀಡನ್ನಿನ ಲಿನೇಯಸನು ೧೭೫೩ರಲ್ಲಿ ಗಿಡಮರಗಳಿಗೆ ಎರಡೆರಡು ಪದಗಳ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಆ ಪದ್ಧತಿಯಲ್ಲಿ ಭಾಲ್ಕಿಯ ಹೊಲದ ತೊಗರಿಯೂ ‘ಕಜಾನಸ್ ಕಜಾನ್’ ಎನಿಸಿಕೊಂಡಿದೆ. ಬೀದರದ ಕೋಟೆ ನಿಂತಿರುವ ಕೆಂಪು ಕಲ್ಲಿಗೆ ಭೂವಿಜ್ಞಾನಿಗಳು ‘ಲ್ಯಾಟರೈಟ್’ ಎನ್ನುತ್ತಾರೆ. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬುಕಾನನ್ನನು ಮಲಬಾರಿನ ಕಲ್ಲನ್ನು ಕಂಡು ಇಟ್ಟ ಹೆಸರು ಅದು. ‘ಲತೆರ್’ ಎಂದರೆ ಲ್ಯಾಟಿನಿನಲ್ಲಿ ಇಟ್ಟಿಗೆ. ಲತಿಯುಂ ಸೀಮೆಗೂ ಅದಕ್ಕೂ ನಂಟಿಲ್ಲ. ಪಂಡಿತರಿಟ್ಟ ಈ ಹೆಸರುಗಳನ್ನು ಹೊಲದಲ್ಲಿ ಯಾರೂ ನುಡಿಯುವುದಿಲ್ಲ. ಕಂದೀಲನ್ನು ಎಲ್ಲರೂ ನುಡಿಯುತ್ತಾರೆ. ಪುಸ್ತಕದ ಲ್ಯಾಟಿನಿಗೂ ಬಾಯಿಯ ಲ್ಯಾಟಿನಿಗೂ ಇರುವ ಅಂತರವನ್ನು ಬೀದರದಲ್ಲಿಯೇ ಅಳೆಯಬಹುದು.

ಮಾತು ಬದಲಾದುದರಿಂದ ಹೆಸರು ಹೋಯಿತು ಎನ್ನೋಣವೇ? ಕನ್ನಡವೂ ಬದಲಾಗಿದೆ. ಲ್ಯಾಟಿನಿನ ‘ಫರೀನ’, ಎಂದರೆ ಹಿಟ್ಟು, ಸ್ಪೇನಿನಲ್ಲಿ ಮೊದಲು ‘ಹರೀನ’ ಎಂದಾಗಿ, ಬಳಿಕ ಹಕಾರವೂ ಉದುರಿ ‘ಅರೀನ’ ಎಂದು ಕೇಳಿಸುತ್ತದೆ. ಪಂಪನ ಕಾಲದ ‘ಪಾಲ್’ ಇಂದು ‘ಹಾಲು’. ಹಳೆಯ ಮೈಸೂರಿನ ಕೆಲವು ಹಳ್ಳಿಗಳಲ್ಲಿ ಆ ಹಕಾರವೂ ಉದುರಿ ‘ಆಲು’. ಬದಲಾವಣೆಯ ಜಾಡು ಎರಡೂ ಕಡೆ ಹೆಚ್ಚು ಕಡಮೆ ಒಂದೇ. ಸ್ಪೇನಿನವನು ತಾನು ಲ್ಯಾಟಿನ್ ಆಡುತ್ತೇನೆ ಎನ್ನುವುದಿಲ್ಲ. ಕನ್ನಡಿಗನು ತಾನು ಆಡುವುದು ಕನ್ನಡವೆಂದೇ ಹೇಳುತ್ತಾನೆ. ಹೆಸರು ಉಳಿಯುವುದೂ ಅಳಿಯುವುದೂ ನಾಲಗೆಯ ಬದಲಾವಣೆಯೊಂದರಿಂದಲೇ ಅಲ್ಲ. ಆಡುವವರನ್ನು ಹೆಸರಿನ ಒಳಗೆ ಇಟ್ಟುಕೊಳ್ಳುವರೋ ಹೊರಗೆ ನಿಲ್ಲಿಸುವರೋ ಎಂಬುದರಿಂದಲೂ ಅದು ತೀರ್ಮಾನವಾಗುತ್ತದೆ.

ಸ್ಟ್ರಾಸ್‌ಬರ್ಗಿನ ಪ್ರತಿಜ್ಞೆ ನಡೆದ ಕಾಲದಲ್ಲಿಯೇ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನೃಪತುಂಗನು ಆಳುತ್ತಿದ್ದನು. ಅವನ ಆಸ್ಥಾನದ ‘ಕವಿರಾಜಮಾರ್ಗ’ವು ಸುಮಾರು ೮೫೦ರ ಕೃತಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಅದು ಕನ್ನಡದ್ದೆಂದು ಹೇಳುತ್ತದೆ. ಸೀಮೆ ಸೀಮೆಗೂ ಮಾತು ಬೇರೆಯಾಗಿರುವುದನ್ನು ಅದು ಬಲ್ಲುದು. ಆದುದರಿಂದಲೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಮಾತಾಡುತ್ತದೆ. ಅತ್ತ ಯೂರೋಪಿನ ಪಂಡಿತರು ಭೇದವನ್ನು ಕಂಡು ಹೆಸರನ್ನು ಬೇರೆ ಮಾಡಿದರು. ಇತ್ತ ಮಳಖೇಡದ ಪಂಡಿತನು ಭೇದವನ್ನು ಕಂಡು ಹೆಸರಿಗೆ ಬಹುವಚನ ಕೊಟ್ಟನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಮ್ಮ ಅನುಭಾವವನ್ನು ಆಡುಮಾತಿಗೆ ಹತ್ತಿರವಾದ ನುಡಿಯಲ್ಲಿ ಹೇಳಿದಾಗ, ಅದಕ್ಕೆ ‘ಹಳ್ಳಿಗರ ನುಡಿ’ ಎಂಬ ಬೇರೆ ಹೆಸರು ಬೇಕಾಗಲಿಲ್ಲ. ಅದೂ ಕನ್ನಡವೇ ಆಯಿತು.

ಭಾಲ್ಕಿಯ ಹಿರೇಮಠದ ಇತಿಹಾಸದಲ್ಲಿ ಹೆಸರನ್ನೂ ಮಾತನ್ನೂ ಕುರಿತ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಕಚೇರಿಯ ಮತ್ತು ಶಾಲೆಯ ಭಾಷೆಯಾಗಿದ್ದಾಗ, ೧೯೯೯ರಲ್ಲಿ ಲಿಂಗೈಕ್ಯರಾದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಫಲಕದ ಮೇಲೆ ಹೆಸರಿಲ್ಲದಿದ್ದರೂ ಕೋಣೆಯ ಒಳಗೆ ಮಾತು ಬದುಕಿತು. ೧೯೫೬ರಲ್ಲಿ ಬೀದರ, ಭಾಲ್ಕಿ, ಔರಾದಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಅದೇ ಹಳೆಯ ಜಿಲ್ಲೆಯ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಹೋದವು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಫಲಕಗಳು ಕನ್ನಡವಾದವು.

ಈಗ ಅಪಾಯ ತಿರುವುಮುರುವಾಗಿದೆ. ಫಲಕದ ಮೇಲೆ ಕನ್ನಡವಿದೆ. ಫಲಕದ ಕೆಳಗೆ ನಿಂತ ಹುಡುಗನ ಮಾತಿಗೆ ಆ ಹೆಸರನ್ನು ಕೊಡಲು ಜನ ಹಿಂಜರಿಯುತ್ತಾರೆ. ‘ಬರ್ತಿದ್ದಾರೆ’ ಎನ್ನುವ ಕಡೆ ‘ಬರಲಾಕತ್ತಾರ’ ಎಂದು, ಬೀಗದ ಕೈಗೆ ಚಾವಿಯೆಂದು, ಸಂಬಳಕ್ಕೆ ಪಗಾರವೆಂದು ಹೇಳುವ ಹುಡುಗನು ಬೆಂಗಳೂರಿನ ವಿದ್ಯಾರ್ಥಿನಿಲಯವನ್ನು ಸೇರಿದರೆ, “ನಿಮ್ಮದು ಕನ್ನಡವೋ, ಮರಾಠಿಯೋ?” ಎಂಬ ಪ್ರಶ್ನೆ ಎದುರಾಗುತ್ತದೆ. ಕೇಳಿದವರು ನಗುತ್ತಾರೆ, ಮರೆಯುತ್ತಾರೆ. ಕೇಳಿಸಿಕೊಂಡವನು ಮರೆಯುವುದಿಲ್ಲ. ರಜೆಗೆ ಊರಿಗೆ ಬಂದಾಗ ಅವನು ತನ್ನ ತಾಯಿಯ ಮಾತನ್ನು ತಿದ್ದುತ್ತಾನೆ. ಇಲ್ಲವೇ ತನ್ನದು ಕನ್ನಡವಲ್ಲವೆಂದು ಒಪ್ಪಿಕೊಂಡು ಸುಮ್ಮನಾಗುತ್ತಾನೆ. ಎರಡರಲ್ಲಿ ಯಾವುದಾದರೂ ಅದು ೮೧೩ರ ನಿರ್ಣಯದ ಒಂದು ಸಣ್ಣ ಪ್ರತಿ.

ಪುಸ್ತಕದ ಕನ್ನಡ ಬೇಡವೆಂದು ಇದರ ಅರ್ಥವಲ್ಲ. ಸಾಯಗಾಂವದ ಮಗು ಬರೆಯುವಾಗ ಗ್ರಂಥಸ್ಥ ಕನ್ನಡವನ್ನು ಕಲಿಯಬೇಕು. ಅದಿಲ್ಲದೆ ಚಾಮರಾಜನಗರದವನಿಗೂ ಬೀದರದವನಿಗೂ ಬರೆಹದಲ್ಲಿ ಸೇತುವೆಯಿಲ್ಲ. ಆದರೆ ಕಲಿಸುವ ಉಪಾಧ್ಯಾಯರು “ಅದು ತಪ್ಪು, ಇದು ಕನ್ನಡ” ಎನ್ನುವ ಬದಲು “ಅದೂ ಕನ್ನಡ, ಬರೆಯುವ ಕನ್ನಡ ಇದು” ಎಂದು ಹೇಳಬಹುದು. ಎರಡು ಮಾತುಗಳ ನಡುವಿನ ವ್ಯತ್ಯಾಸ ಚಿಕ್ಕದು. ಮೊದಲನೆಯದನ್ನು ಕೇಳಿದ ಮಗು ಮನೆಯ ಮಾತಿಗೆ ಬೇರೆ ಹೆಸರನ್ನು ಹುಡುಕುತ್ತದೆ. ಎರಡನೆಯದನ್ನು ಕೇಳಿದ ಮಗು, ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆ ಮಳಖೇಡದಲ್ಲಿ ಹೇಳಿದ ಬಹುವಚನದೊಳಗೆ ತನ್ನ ತಾಯಿಗೂ ಸ್ಥಳವಿದೆಯೆಂದು ತಿಳಿಯುತ್ತದೆ.